ಖಿನ್ನತೆಗೆ ಸಸ್ಯಮೂಲದ ಔಷಧಾಂಶಗಳು

ದೀರ್ಘಕಾಲದ ಒತ್ತಡದಿಂದ ಮೂಡುವ ಅಥವಾ ಉಲ್ಬಣಿಸುವ ಖಿನ್ನತೆಯನ್ನು ತಗ್ಗಿಸಬಲ್ಲವೇ ಎಂದು ಪರೀಕ್ಷೆಗೆ ಒಳಗಾಗಿರುವ, ಸಸ್ಯಗಳಿಂದ ಪಡೆದ ರಾಸಾಯನಿಕಗಳು. ಹೈಪೆರಿಕಮ್ ಗಿಡದ ಹೈಪರ್‌ಫೋರಿನ್, ಕೇಸರಿಯ ಕ್ರೋಸಿನ್, ಅರಿಸಿನದ ಕರ್ಕ್ಯುಮಿನ್, ಅಶ್ವಗಂಧದ ವಿಥನೊಲೈಡ್‌ಗಳು ಇವುಗಳಲ್ಲಿ ಮುಖ್ಯವಾದವು. ಕೆಲವಕ್ಕೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳ ಬೆಂಬಲವಿದೆ. ಬಹುಪಾಲು ಇನ್ನೂ ಇಲಿಗಳ ಹಂತವನ್ನು ದಾಟಿಲ್ಲ.

ಒತ್ತಡ ಮತ್ತು ಖಿನ್ನತೆ

ಒತ್ತಡ ಎದುರಾದಾಗ ಮಿದುಳಿನ ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಯನ್ನೂ ಪಿಟ್ಯುಟರಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನೂ ಪ್ರಚೋದಿಸುತ್ತವೆ. ಇದರಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅಪಾಯ ಕಳೆದ ಮೇಲೆ ಕಾರ್ಟಿಸಾಲ್ ತಾನೇ ಹೈಪೊಥಲಮಸ್‌ಗೆ ಸೂಚನೆ ಕೊಟ್ಟು ಈ ಸರಣಿಯನ್ನು ನಿಲ್ಲಿಸಬೇಕು. ಸಾಲ, ಕಲಹ, ಒಂಟಿತನ, ಕೆಲಸದ ಹೊರೆ ತಿಂಗಳುಗಟ್ಟಲೆ ಮುಂದುವರಿದರೆ ಹಲವರಲ್ಲಿ ಈ ನಿಯಂತ್ರಣ ಸಡಿಲಗೊಳ್ಳುತ್ತದೆ. ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನು ಕುಗ್ಗುತ್ತದೆ, ಉರಿಯೂತದ ಸೂಚಕಗಳು ಏರುತ್ತವೆ. ಸಸ್ಯಮೂಲದ ಔಷಧಾಂಶಗಳ ಸಂಶೋಧನೆ ಈ ಕೊಂಡಿಗಳನ್ನೇ ಗುರಿಯಾಗಿಸಿಕೊಂಡಿದೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ.

ಹಿನ್ನೆಲೆ

ಸಸ್ಯದ ಅಂಶವೊಂದು ಮನಸ್ಸಿನ ಮೇಲೆ ಎಷ್ಟು ಆಳವಾಗಿ ಕೆಲಸ ಮಾಡಬಲ್ಲದೆಂದು ಆಧುನಿಕ ವೈದ್ಯಕೀಯಕ್ಕೆ ತೋರಿಸಿಕೊಟ್ಟ ಗಿಡಗಳಲ್ಲಿ ಭಾರತದ ಸರ್ಪಗಂಧವೂ ಒಂದು. ಇದರ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಸಂಸ್ಥೆಯ ವಿಜ್ಞಾನಿಗಳು ರೆಸರ್ಪೀನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ರಕ್ತದೊತ್ತಡ ಇಳಿಸಲು ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡಿತೆಂದು ವರದಿಗಳು ಬಂದವು. ರೆಸರ್ಪೀನ್ ನರತುದಿಗಳಲ್ಲಿ ಶೇಖರವಾಗಿರುವ ಸೆರೊಟೋನಿನ್, ನಾರ್‌ಅಡ್ರಿನಲಿನ್, ಡೋಪಮೈನ್‌ಗಳನ್ನು ಬರಿದುಮಾಡುತ್ತದೆ ಎಂಬುದು ಪ್ರಯೋಗಗಳಿಂದ ತಿಳಿಯಿತು. ಈ ನರವಾಹಕಗಳ ಕೊರತೆಯೇ ಖಿನ್ನತೆಗೆ ಕಾರಣ ಎಂಬ ವಾದಕ್ಕೆ ಇದು ಒಂದು ಆಧಾರವಾಯಿತು. ಆ ವಾದ ಅಪೂರ್ಣವೆಂದು ಮುಂದೆ ಅರಿವಾದರೂ, ಮದ್ದಿನ ಗಿಡವೇ ಮನಸ್ಸನ್ನು ಕುಗ್ಗಿಸಲೂ ಬಹುದು ಎಂಬ ಎಚ್ಚರ ಇಂದಿಗೂ ಪ್ರಸ್ತುತ.

ಪರೀಕ್ಷಾ ವಿಧಾನ

ಹೊಸ ಅಂಶವೊಂದನ್ನು ಸಾಮಾನ್ಯವಾಗಿ ಮೊದಲು ಇಲಿಗಳಲ್ಲಿ ಪರೀಕ್ಷಿಸುತ್ತಾರೆ. ವಾರಗಟ್ಟಲೆ ಗೂಡನ್ನು ಓರೆಮಾಡುವುದು, ಹಾಸು ಒದ್ದೆಮಾಡುವುದು, ಹಗಲುರಾತ್ರಿಗಳನ್ನು ಅದಲುಬದಲು ಮಾಡುವುದು ಮುಂತಾದ ಅನಿರೀಕ್ಷಿತ ಕಿರುಕುಳಗಳಿಗೆ ಒಳಗಾದ ಇಲಿ ಕ್ರಮೇಣ ಸಕ್ಕರೆ ನೀರಿನ ಮೇಲಿನ ಆಸೆಯನ್ನೂ ಕಳೆದುಕೊಳ್ಳುತ್ತದೆ. ಯಾವುದರಲ್ಲೂ ಸುಖ ಕಾಣದ ಖಿನ್ನತೆಯ ಲಕ್ಷಣಕ್ಕೆ ಇದು ಹತ್ತಿರದ ಹೋಲಿಕೆ. ಔಷಧ ಕೊಟ್ಟಾಗ ಆಸೆ ಮರಳಿದರೆ ಫಲವಿದೆ ಎಂದು ಗಣಿಸುತ್ತಾರೆ. 1977ರಲ್ಲಿ ಪೋರ್ಸೋಲ್ಟ್ ಎಂಬ ವಿಜ್ಞಾನಿ ರೂಪಿಸಿದ ಈಜು ಪರೀಕ್ಷೆಯಲ್ಲಿ, ನೀರಿನಲ್ಲಿ ಬಿಟ್ಟ ಪ್ರಾಣಿ ಎಷ್ಟು ಹೊತ್ತು ಕೈಕಾಲಾಡಿಸದೆ ತೇಲುತ್ತದೆಂದು ಅಳೆಯುತ್ತಾರೆ; ಔಷಧದಿಂದ ಆ ಹೊತ್ತು ತಗ್ಗಿದರೆ ಫಲವಿದೆ ಎಂದು ಎಣಿಸುತ್ತಾರೆ. ಇವುಗಳಲ್ಲಿ ಗೆದ್ದ ಅಂಶಗಳು ಹಲವು. ಆದರೆ ಇಲಿ ತನ್ನ ದುಃಖವನ್ನು ಹೇಳಿಕೊಳ್ಳಲಾರದು; ಅದರ ನಡವಳಿಕೆಯಿಂದ ಮನುಷ್ಯನ ಮನಸ್ಸಿಗೆ ನೇರ ತೀರ್ಮಾನ ಸಲ್ಲದು.

ಮುಖ್ಯ ಸಸ್ಯಗಳು

ಹೈಪೆರಿಕಮ್ ಪರ್ಫೊರೇಟಮ್: ಯುರೋಪಿನಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂದು ಹೆಸರಾದ ಹಳದಿ ಹೂವಿನ ಗಿಡ. ಇದರ ಜಾತಿಗೇ ಸೇರಿದ ಹೈಪೆರಿಕಮ್ ಮೈಸೂರೆನ್ಸ್ ಎಂಬ ಪ್ರಭೇದ ಪಶ್ಚಿಮ ಘಟ್ಟದ ಎತ್ತರದ ಪ್ರದೇಶಗಳಲ್ಲಿ ಬೆಳೆಯುತ್ತದೆ. ಯುರೋಪಿನ ಗಿಡದ ಫಲಿತಾಂಶವನ್ನು ಇದಕ್ಕೆ ಹಚ್ಚುವಂತಿಲ್ಲ. ಸೇಂಟ್ ಜಾನ್ಸ್ ವರ್ಟ್‌ನ ಹೈಪರ್‌ಫೋರಿನ್ ಅಂಶವು ಸೆರೊಟೋನಿನ್ ಮೊದಲಾದ ನರವಾಹಕಗಳು ನರಕೋಶಕ್ಕೆ ಮರಳಿ ಹೀರಲ್ಪಡುವುದನ್ನು ತಡೆಯುತ್ತದೆ. 29 ಪ್ರಯೋಗಗಳು ಮತ್ತು 5,489 ರೋಗಿಗಳನ್ನು ಒಳಗೊಂಡ 2008ರ ಕಾಕ್ರೇನ್ ವಿಮರ್ಶೆ, ಈ ಗಿಡದ ಸಾರವು ಔಷಧವಿಲ್ಲದ ಹುಸಿಗುಳಿಗೆಗಿಂತ ಮೇಲು, ರೂಢಿಯ ಔಷಧಿಗಳಿಗೆ ಸಮ, ಅಡ್ಡಪರಿಣಾಮ ಕಡಿಮೆ ಎಂದು ಕಂಡುಕೊಂಡಿತು. ಜರ್ಮನ್ ಭಾಷಿಕ ದೇಶಗಳ ಪ್ರಯೋಗಗಳಲ್ಲಿ ಫಲ ಹೆಚ್ಚಾಗಿ ಕಂಡಿದ್ದನ್ನೂ ಅದು ಗುರುತಿಸಿತು. ಅಮೆರಿಕದಲ್ಲಿ 340 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದ ಮುಖ್ಯ ಅಳತೆಗಳಲ್ಲಿ ಈ ಸಾರವಾಗಲಿ, ರೂಢಿಯ ಔಷಧಿಯಾದ ಸೆರ್‌ಟ್ರಲೀನ್ ಆಗಲಿ ಹುಸಿಗುಳಿಗೆಯನ್ನು ಮೀರಲಿಲ್ಲ.

ಕೇಸರಿ: ಹೂವಿನ ಕೆಂಪು ಎಳೆಯಂಥ ಶಲಾಕಾಗ್ರದಲ್ಲಿ ಕ್ರೋಸಿನ್ ಬಣ್ಣವನ್ನೂ ಸಫ್ರನಾಲ್ ಪರಿಮಳವನ್ನೂ ಕೊಡುತ್ತವೆ. ಇರಾನಿನ ಟೆಹರಾನಿನಲ್ಲಿ 2004 ಮತ್ತು 2005ರಲ್ಲಿ ವರದಿಯಾದ ಆರು ವಾರಗಳ ಪ್ರಯೋಗಗಳಲ್ಲಿ ದಿನಕ್ಕೆ 30 ಮಿಲಿಗ್ರಾಂ ಕೇಸರಿ, ರೂಢಿಯ ಔಷಧಿಗಳಾದ ಇಮಿಪ್ರಮೀನ್ ಮತ್ತು ಫ್ಲೂಆಕ್ಸೆಟೀನ್‌ಗೆ ಸರಿಸಾಟಿಯೆನಿಸಿತು. ಆದರೆ ಅವುಗಳಲ್ಲಿ ಪಾಲ್ಗೊಂಡವರು ಕ್ರಮವಾಗಿ 30 ಮತ್ತು 40 ಮಂದಿ ಮಾತ್ರ.

ಅರಿಸಿನ: ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುತ್ತದೆ, ಒತ್ತಡಕ್ಕೊಳಗಾದ ಇಲಿಗಳಲ್ಲಿ ಬಿಡಿಎನ್‌ಎಫ್ ಮಟ್ಟವನ್ನು ಏರಿಸುತ್ತದೆ. ಗುಜರಾತಿನ ಭಾವನಗರದಲ್ಲಿ 60 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 1 ಗ್ರಾಂ ಕರ್ಕ್ಯುಮಿನ್ ಪಡೆದವರೂ ಫ್ಲೂಆಕ್ಸೆಟೀನ್ ಪಡೆದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದರು. ಹೋಲಿಕೆಗೆ ಹುಸಿಗುಳಿಗೆಯ ಗುಂಪು ಇರಲಿಲ್ಲ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ 20 ಮಿಲಿಗ್ರಾಂ ಪೈಪರೀನ್ ಕೊಟ್ಟರೆ ದೇಹಕ್ಕೆ ದಕ್ಕುವ ಅಂಶ 2,000% ಹೆಚ್ಚುತ್ತದೆ ಎಂದು 1998ರಲ್ಲಿ ವರದಿ ಮಾಡಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಒಂದು ಗ್ರಾಂ ಕರ್ಕ್ಯುಮಿನ್‌ಗೆ 30 ಗ್ರಾಂ ಮೀರಿದ ಪುಡಿ ಬೇಕಾಗುವುದರಿಂದ ಸಾರು, ಹುಳಿಗೆ ಹಾಕುವ ಚಿಟಿಕೆ ಅರಿಸಿನವನ್ನು ಖಿನ್ನತೆಯ ಮದ್ದೆಂದು ಎಣಿಸಲಾಗದು.

ಅಶ್ವಗಂಧ: ಕನ್ನಡದಲ್ಲಿ ಹಿರೇಮದ್ದು ಎಂಬ ಹೆಸರೂ ಇದೆ. ಬಹುಕಾಲದ ಒತ್ತಡದಿಂದ ಬಳಲುತ್ತಿದ್ದ 64 ಮಂದಿಗೆ ಸಂಬಂಧಿಸಿದ 2012ರ ಭಾರತೀಯ ಪ್ರಯೋಗದಲ್ಲಿ, ಬೇರಿನ ಸಾರವನ್ನು ದಿನಕ್ಕೆರಡು ಬಾರಿ 300 ಮಿಲಿಗ್ರಾಂನಂತೆ 60 ದಿನ ಸೇವಿಸಿದವರ ಕಾರ್ಟಿಸಾಲ್ ಸುಮಾರು 28% ಇಳಿಯಿತು. ಇದು ಒತ್ತಡದ ಅಧ್ಯಯನ. ಖಿನ್ನತೆ ವಾಸಿಯಾಯಿತೆಂಬುದಕ್ಕೆ ಪುರಾವೆಯಲ್ಲ.

ದತ್ತೂರಿ: ಇದರಲ್ಲಿರುವ ಸ್ಕೊಪೊಲಮೀನನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟಾಗ ಖಿನ್ನತೆ ಕೆಲವೇ ದಿನಗಳಲ್ಲಿ ತಗ್ಗಿತೆಂದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2006ರಲ್ಲಿ ವರದಿ ಮಾಡಿದರು. ನಂತರದ ಎಲ್ಲ ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ. ದತ್ತೂರಿಯ ಬೀಜ, ಎಲೆಗಳನ್ನು ತಿನ್ನುವುದು ಪ್ರಾಣಾಂತಿಕ.

ಅಪಾಯ ಮತ್ತು ಮಿತಿ

ಗಿಡದ್ದಾದ್ದರಿಂದ ತೊಂದರೆಯಿಲ್ಲ ಎಂಬ ನಂಬಿಕೆ ತಪ್ಪು. ಹೈಪರ್‌ಫೋರಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಇತರ ಔಷಧಿಗಳನ್ನು ಬೇಗನೆ ಒಡೆದುಹಾಕಿಸುತ್ತದೆ. ಗರ್ಭನಿರೋಧಕ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್‌ಫರಿನ್, ಅಂಗ ಕಸಿಯಾದವರ ಸೈಕ್ಲೊಸ್ಪೊರಿನ್, ಎಚ್‌ಐವಿ ಔಷಧಿಗಳು ಇದರಿಂದ ನಿಷ್ಫಲವಾಗಬಹುದು. ಖಿನ್ನತೆಯ ರೂಢಿಯ ಮಾತ್ರೆಗಳ ಜೊತೆ ಸೇವಿಸಿದರೆ ಸೆರೊಟೋನಿನ್ ಅತಿಯಾಗಿ ಜ್ವರ, ನಡುಕ, ಗಾಬರಿ ಉಂಟಾಗಬಹುದು. ಅಶ್ವಗಂಧ ಮತ್ತು ಅರಿಸಿನದ ಸಾಂದ್ರ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಮಣ್ಣು, ಋತು, ಒಣಗಿಸುವ ರೀತಿಗೆ ತಕ್ಕಂತೆ ಔಷಧಾಂಶ ಏರುಪೇರಾಗುವುದರಿಂದ ಎರಡು ಡಬ್ಬಿಗಳ ಶಕ್ತಿ ಒಂದೇ ಆಗಿರಬೇಕೆಂದಿಲ್ಲ.

ಇಂದಿನ ಪುರಾವೆಯಂತೆ ಈ ಅಂಶಗಳು ಆಶಾದಾಯಕ. ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ಕೆಲವು ನೆರವಾಗಬಹುದು. ತೀವ್ರ ಖಿನ್ನತೆಯಲ್ಲಿ ಇವುಗಳನ್ನೇ ನೆಚ್ಚಿಕೊಳ್ಳಬಾರದು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿ ಮೂಲಿಕೆಗೆ ತಿರುಗಬಾರದು. ಯಾವ ಮೂಲಿಕೆ ಸೇವಿಸುತ್ತಿದ್ದರೂ ವೈದ್ಯರಿಗೆ ತಿಳಿಸಬೇಕು. ಬದುಕು ಬೇಡವೆನಿಸುವ ಯೋಚನೆ ಬಂದವರು ತಡಮಾಡದೆ ನೆರವು ಪಡೆಯಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416, ಹಗಲು ರಾತ್ರಿ, ಕನ್ನಡದಲ್ಲೂ ಲಭ್ಯವಿದೆ.