ನೇತ್ರಾವತಿಯ ನೆರೆ ಮತ್ತು ನಮ್ಮ ಹಿರಿಯರು

ಇಗರ್ಜಿಯ ನೂರು ವರ್ಷಗಳ ಚರಿತ್ರೆಯಲ್ಲಿ ಗುರುಗಳ ಹೆಸರುಗಳೊಡನೆ ನದಿಯ ಹೆಸರೂ ಬರಲೇಬೇಕು. ನೇತ್ರಾವತಿಯ ದಡದ ಒಕ್ಕಲುಗಳು ಕಾಲವನ್ನೆಣಿಸಿದ್ದು 1923ರ ‘ಮಾರಿ ಬೊಳ್ಳ’ದಿಂದ, ತರುವಾಯ 1974ರ ನೆರೆಯಿಂದ.

ಇಂದು ಬಂಟ್ವಾಳದಲ್ಲಿ 8.5 ಮೀಟರನ್ನು ಅಪಾಯದ ಮಟ್ಟವೆಂದು ಗುರುತಿಸಲಾಗಿದೆ. ಅಂದು ಉಪ್ಪಿನಂಗಡಿಯ ಸುದ್ದಿಯೇ ಆಧಾರ. ಅಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಕೂಡುತ್ತದೆ. ಘಟ್ಟದಲ್ಲಿ ಮಳೆ ಹಿಡಿದು ಎರಡೂ ಹೊಳೆಗಳು ಏಕಕಾಲಕ್ಕೆ ಉಕ್ಕಿದರೆ ಕೆಳಗಿನ ಪಾಣೆಮಂಗಳೂರು, ಬಂಟ್ವಾಳಗಳಿಗೆ ಅಪಾಯ ತಪ್ಪದು. ಮಂಗಳೂರಿನ ಅಳಿವೆಯಲ್ಲಿ ಆಗಲೇ ಭರತವಿದ್ದರೆ ನೀರು ಬೇಗನೆ ಇಳಿಯುವಂತೆಯೂ ಇಲ್ಲ. ನೀರು ಕೆಂಪಾಗಿ ಮರದ ದಿಮ್ಮಿಗಳು ತೇಲಿಬಂದೊಡನೆ ಅಕ್ಕಿಮುಡಿಗಳು ಅಟ್ಟ ಸೇರುತ್ತಿದ್ದವು. ಹಟ್ಟಿಯ ದನಗಳ ಹಗ್ಗ ಬಿಚ್ಚುತ್ತಿದ್ದರು. ಮಣ್ಣಿನ ಗೋಡೆ ನೀರಿನಲ್ಲಿ ಬಹಳ ಹೊತ್ತು ನಿಲ್ಲದೆಂದು ಬಲ್ಲವರಾದುದರಿಂದ ಮಕ್ಕಳನ್ನೂ ವೃದ್ಧರನ್ನೂ ಮೊದಲೇ ಗುಡ್ಡಕ್ಕೆ ಕಳುಹಿಸುತ್ತಿದ್ದರು.

ಗದ್ದೆಯನ್ನು ಮಾತ್ರ ಗುಡ್ಡಕ್ಕೊಯ್ಯಲಾಗದು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಬೇಕಾದ ಹೊಸ ತೆನೆ ಆ ಏಣೆಲು ಗದ್ದೆಯದೇ. ಆಗಸ್ಟ್ 30ರಿಂದ ಮಕ್ಕಳು ನೊವೇನಕ್ಕೆ ಹೂವು ತರುವಾಗ ತಾಯಂದಿರ ಕಣ್ಣು ಹೊಳೆಯ ಕಡೆಗೆ. ನಮ್ಮವರಲ್ಲಿ ಬಹುಮಂದಿ ಗೇಣಿದಾರರು. ಪೈರು ಕೊಳೆತರೆ ವರ್ಷದ ಅನ್ನದೊಡನೆ ಧಣಿಗಳ ಗೇಣಿಯ ಚಿಂತೆಯೂ ಇತ್ತು. ಇದನ್ನು ಮರೆತು ಅಂದಿನ ಭಕ್ತಿಯನ್ನಷ್ಟೇ ಕೊಂಡಾಡುವುದು ನಮಗೆ ನ್ಯಾಯವೆನಿಸದು.

1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಉಳುವವನಿಗೆ ಒಡೆತನದ ಹಾದಿ ತೆರೆಯಿತು. ಐದು ತಿಂಗಳು ತುಂಬುವ ಮೊದಲೇ, ಜುಲೈಯಲ್ಲಿ, ಅದೇ ಗದ್ದೆಗಳ ಮೇಲೆ ನೆರೆ ಏರಿತು. ಆ ಸಲ ಅಕ್ಕಿಮುಡಿಗಿಂತ ಮೊದಲು ಅಟ್ಟಕ್ಕೇರಿದ್ದು ಡಿಕ್ಲರೇಶನ್ನಿನ ಕಾಗದಪತ್ರಗಳೆಂದು ನಮ್ಮ ಹಿರಿಯರು ಹೇಳುತ್ತಿದ್ದರು.