ಗಾಲ್ಫ್ ಸಲಕರಣೆ: ಹೆಗಲ ಚೀಲವೇ, ಟ್ರಾಲಿಯೇ?

ಮಂಗಳೂರು: ನಗರದ ಹೊರವಲಯದ ಪಿಲಿಕುಳದಲ್ಲಿ ಗಾಲ್ಫ್ ಮೈದಾನವಿದೆ. ಹೊಸದಾಗಿ ಆಟ ಕಲಿಯುವವರು ಸಲಕರಣೆಗಳನ್ನು ಚೀಲದಲ್ಲಿ ಹೊರಬೇಕೇ, ಗಾಲಿಯುಳ್ಳ ಟ್ರಾಲಿಯಲ್ಲಿ ಒಯ್ಯಬೇಕೇ ಎಂಬುದನ್ನು ಮೊದಲೇ ನಿರ್ಧರಿಸುವುದು ಒಳಿತು.

ಭಾರ: ನಿಯಮದಂತೆ ಆಟಗಾರರು ಗರಿಷ್ಠ 14 ಕ್ಲಬ್‌ಗಳನ್ನು ಒಯ್ಯಬಹುದು. ಇವುಗಳ ತೂಕವೇ ಸುಮಾರು 5 ಕಿಲೋ. ಚೀಲ, ಚೆಂಡು, ನೀರು, ಕೊಡೆ ಸೇರಿದರೆ ಹೊರೆ 10 ಕಿಲೋ ಸಮೀಪಿಸುತ್ತದೆ.

ಚೀಲ: ಏರುತಗ್ಗು, ಮೆಟ್ಟಿಲು, ನೆನೆದ ನೆಲ ಎಲ್ಲೆಡೆಯೂ ಸಲ್ಲುತ್ತದೆ. ಎರಡೂ ಹೆಗಲಿಗೆ ಪಟ್ಟಿಯಿರುವುದು ಲೇಸು. 14 ಎಂಬುದು ಮಿತಿಯೇ ಹೊರತು ಕಡ್ಡಾಯವಲ್ಲ. ಹೊಸಬರಿಗೆ ಏಳೆಂಟು ಕ್ಲಬ್ ಸಾಕು, ಹೊರೆಯೂ ಇಳಿಯುತ್ತದೆ.

ಟ್ರಾಲಿ: ಹಿರಿಯರಿಗೆ, ಬೆನ್ನುನೋವು ಇರುವವರಿಗೆ ಅನುಕೂಲ. ಎಳೆಯುವುದಕ್ಕಿಂತ ಮುಂದಕ್ಕೆ ತಳ್ಳುವ ಬಗೆಯದು ಹೆಗಲಿಗೆ ಹಿತ. ಇಳಿಜಾರಿಗೆ ಬ್ರೇಕ್ ಅವಶ್ಯ. ಆದರೆ ಕೆಸರಿನಲ್ಲಿ ಗಾಲಿ ಹೂಳುತ್ತದೆ, ಮೆದು ಹುಲ್ಲುಹಾಸು ಕೆಡುತ್ತದೆ. ಕುಳಿಯ ಸುತ್ತಲಿನ 'ಗ್ರೀನ್' ಮೇಲೆ ಟ್ರಾಲಿ ಒಯ್ಯಬಾರದು.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಆದ್ದರಿಂದ ಒಂದನ್ನೇ ಕೊಳ್ಳಬಲ್ಲವರು ಮೊದಲು ಹಗುರವಾದ ಚೀಲವನ್ನು ಆಯ್ದುಕೊಳ್ಳುವುದು ಸೂಕ್ತ. ನೆಲ ಒಣಗಿದ ಮೇಲೆ ಅದೇ ಚೀಲವನ್ನು ಟ್ರಾಲಿಗೆ ಕಟ್ಟಬಹುದು. ಚೀಲವಿಲ್ಲದ ಟ್ರಾಲಿ ಮಾತ್ರ ನಿರುಪಯುಕ್ತ.