ಐನೊ ಎಂಬ ಹೆಸರು

ನಾನು ಬಡಗಿಯ ಮಗಳು. ಯಾವ ಕುರ್ಚಿ ಕಂಡರೂ ಬೋರಲು ಹಾಕಿ, ಕಾಲು ಎಲ್ಲಿ ಹೇಗೆ ಕೂಡಿದೆ ಎಂದು ನೋಡುವುದು ಅಪ್ಪನಿಂದ ಬಂದ ಅಭ್ಯಾಸ. ಫಿನ್‌ಲ್ಯಾಂಡಿನ ಆರ್ಟೆಕ್ ಕಂಪನಿಯ ಮೂರು ಕಾಲಿನ ಸ್ಟೂಲು ಮೊದಲ ಸಲ ಕೈಗೆ ಸಿಕ್ಕಾಗಲೂ ಹಾಗೇ ಮಾಡಿದೆ. ಕಾಲಿನ ಮೂಲೆಯಲ್ಲಿ ಸಂದೇ ಇರಲಿಲ್ಲ. ಗಟ್ಟಿ ಬರ್ಚ್ ಮರದ ತುದಿಯನ್ನು ಎಳೆಯುದ್ದಕ್ಕೆ ಗರಗಸದಿಂದ ಸೀಳಿ, ಸೀಳುಗಳೊಳಗೆ ಅಂಟು ಸವರಿದ ತೆಳುಪಟ್ಟಿಗಳನ್ನು ತೂರಿಸಿ, ಎಲ್ಲವನ್ನೂ ಒಟ್ಟಿಗೆ ಬಾಗಿಸಿದ ಕಾಲು ಅದು. ಆಲ್ವಾರ್ ಆಲ್ಟೊ ಅದನ್ನು ಟುರ್ಕು ಊರಿನ ಪೀಠೋಪಕರಣ ತಯಾರಕ ಒಟ್ಟೊ ಕೊರ್ಹೊನೆನ್ ಜೊತೆ ಸೇರಿ 1930ರ ದಶಕದ ಆರಂಭದಲ್ಲಿ ರೂಪಿಸಿದರು. ಆ ಕಾಲುಗಳನ್ನು ಜನರ ಮನೆಯೊಳಗೆ ನಡೆಸಿದವರಲ್ಲಿ ಮುಂದೆ ನಿಂತವರು ಅವರ ಹೆಂಡತಿ ಐನೊ. ಆ ಹೆಸರು ಎತ್ತುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐನೊ ಮಾರ್ಸಿಯೊ ಹುಟ್ಟಿದ್ದು 1894ರಲ್ಲಿ, ಹೆಲ್ಸಿಂಕಿಯ ರೈಲ್ವೆ ನೌಕರರೊಬ್ಬರ ಮನೆಯಲ್ಲಿ. ವಾಸ್ತುಶಿಲ್ಪ ಓದುವ ಕಾಲದಲ್ಲೇ ಮರಗೆಲಸ, ಗಾರೆಕೆಲಸಗಳನ್ನು ಕೈಯಾರೆ ಮಾಡಿ ಕಲಿತರು. 1920ರಲ್ಲಿ ಪದವಿ ಪಡೆದರು. 1924ರಲ್ಲಿ ಆಲ್ವಾರ್ ಅವರ ಕಚೇರಿಗೆ ಸೇರಿದರು. ಅದೇ ವರ್ಷ ಅವರನ್ನು ಮದುವೆಯಾದರು. ಮುಂದೆ ಆ ಕಚೇರಿಯಿಂದ ಹೊರಬಿದ್ದ ಎಷ್ಟೋ ನಕಾಶೆಗಳ ಮೇಲೆ ಇದ್ದದ್ದು 'ಆಲ್ಟೊ' ಎಂಬ ಒಂದೇ ಹೆಸರು. ಯಾವ ಗೆರೆ ಯಾರ ಕೈಯದು ಎಂದು ಕೇಳುವ ಗೋಜಿಗೆ ಲೋಕ ಹೋಗಲಿಲ್ಲ.

1935ರಲ್ಲಿ ಈ ದಂಪತಿ, ಮೈರೆ ಗುಲ್ಲಿಕ್ಸೆನ್, ನಿಲ್ಸ್-ಗುಸ್ತಾವ್ ಹಾಲ್, ನಾಲ್ವರೂ ಸೇರಿ ಆರ್ಟೆಕ್ ಕಟ್ಟಿದರು. ಕಲೆ ಮತ್ತು ತಂತ್ರಜ್ಞಾನ ಎರಡನ್ನೂ ಬೆಸೆದು ಇಟ್ಟ ಹೆಸರು ಅದು. ಒಳಾಂಗಣದ ವಿನ್ಯಾಸವೆಲ್ಲ ಐನೊ ಕೈಕೆಳಗೆ ನಡೆಯಿತು. 1937ರಲ್ಲಿ ಹೆಲ್ಸಿಂಕಿಯ ಸವೊಯ್ ರೆಸ್ಟೋರೆಂಟ್ ಸಜ್ಜಾದಾಗ ಅಲ್ಲಿಯೂ ಅವರ ಕೈ ಇತ್ತು. ಮಕ್ಕಳ ಕುರ್ಚಿ, ಮೇಜುಗಳನ್ನು ಪುಟ್ಟ ಮೈಗಳ ಅಳತೆಗೆ ತಕ್ಕಂತೆ ಬಿಡಿಸಿದರು. 1941ರಲ್ಲಿ ಹಾಲ್ ಯುದ್ಧದಲ್ಲಿ ಸತ್ತರು. ಮರಕ್ಕೂ ಬಟ್ಟೆಗೂ ತತ್ವಾರವಾಗಿದ್ದ ಆ ದಿನಗಳಲ್ಲಿ ಕಂಪನಿಯ ಆಡಳಿತವೂ ಐನೊ ಹೆಗಲಿಗೇ ಬಂತು. 1949ರ ಜನವರಿಯಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ಯುವವರೆಗೂ ಅದನ್ನು ಇಳಿಸಲಿಲ್ಲ. ಆಗ ಅವರಿಗೆ 54 ವರ್ಷ.

ನನ್ನ ಮೇಜಿನ ಮೇಲೆ ಅವರದೊಂದು ಲೋಟವಿದೆ. 1932ರ ಸ್ಪರ್ಧೆಯೊಂದಕ್ಕೆ ಬಿಡಿಸಿದ್ದು. ಕಲ್ಲೆಸೆದ ನೀರಲ್ಲಿ ಏಳುವ ಅಲೆಗಳಂತೆ ಮೈತುಂಬ ಬಳೆಬಳೆಯಾಗಿ ಏರುವ ಗೆರೆಗಳು. ಅಚ್ಚೊತ್ತಿದ ಅಗ್ಗದ ಗಾಜಿನಲ್ಲಿ ಸಣ್ಣಪುಟ್ಟ ಕುಂದು ಇದ್ದೇ ಇರುತ್ತದೆ. ಈ ಗೆರೆಗಳು ಕುಂದನ್ನು ಮರೆಸುತ್ತವೆ, ಬೆರಳಿಗೆ ಹಿಡಿತವನ್ನೂ ಕೊಡುತ್ತವೆ. 1936ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಇದಕ್ಕೆ ಚಿನ್ನದ ಪದಕ ಬಂತು. ಅಗ್ಗದ ಸರಕಿನ ದೋಷ ಬಲ್ಲವರಿಗಷ್ಟೇ ಇಂಥ ಚೆಲುವು ಹೊಳೆಯುತ್ತದೆ. ಗಂಟಿರುವ ಹಲಗೆಯನ್ನು ಎಸೆಯದೆ, ಗಂಟನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸುತ್ತಿದ್ದ ಅಪ್ಪನಿಗೆ ಇದನ್ನು ತೋರಿಸಬೇಕಿತ್ತು.

ಸ್ಟೂಲಿನ ಅಡಿಯಲ್ಲಿ ನನಗೆ ಸಿಗದ ಹೆಸರು ಇಲ್ಲಿದೆ. ಈಟ್ಟಲ ಕಂಪನಿ ಈ ಲೋಟಗಳನ್ನು 'ಐನೊ ಆಲ್ಟೊ' ಎಂಬ ಹೆಸರಿನಲ್ಲೇ ಮಾರುತ್ತದೆ.